ಎಣಿಸುವಷ್ಟರಲ್ಲಿ ಎದ್ದು ಹೋದ ಜನ

ಜನಸಂಖ್ಯೆಯ ಕೆಲಸದಲ್ಲಿ ಇರುವವನಿಗೆ ಆಘಾತಗಳು ತಪ್ಪುವುದಿಲ್ಲ. ನಾನು ಯಾವ ಊರು ಬೆಳೆಯುತ್ತದೆ ಎಂದು ಬರೆದರೂ ಅಲ್ಲಿನ ಜನ ಗಂಟುಮೂಟೆ ಕಟ್ಟುತ್ತಾರೆ. ಯಾವುದು ಖಾಲಿಯಾಗುತ್ತದೆ ಎಂದರೂ ಅಲ್ಲಿಗೇ ಲಾರಿಗಟ್ಟಲೆ ಬಂದಿಳಿಯುತ್ತಾರೆ. ಮೈಸೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿಕೊಂಡು ತಣ್ಣಗಿದ್ದವನು ಎಂಬತ್ತರ ದಶಕದ ಕೊನೆಗೆ ಆಸ್ಟ್ರೇಲಿಯಾಕ್ಕೆ ಬಂದೆ. ಮೊದಲು ಸಿಡ್ನಿಯಲ್ಲಿ, ಆಮೇಲೆ ಮೆಲ್ಬರ್ನ್‌ನಲ್ಲಿ, ಎಲ್ಲಿ ಜನ ಹೆಚ್ಚುತ್ತಾರೆ, ಎಲ್ಲಿ ಕಡಿಮೆಯಾಗುತ್ತಾರೆ ಎಂದು ಭವಿಷ್ಯ ಹೇಳುವ ಕಚೇರಿಗಳಲ್ಲಿ ಕೆಲಸ ಮಾಡಿದೆ. ಮೆಲ್ಬರ್ನ್ ಅಂಚಿನ ಕ್ಲೈಡ್ ನಾರ್ತ್ ಕಡೆ ಹೋಗಿ ನೋಡಿಕೊಂಡು ಬಂದು, "ಇಲ್ಲಿ ಹಸುಗಳ ಹೊರತು ಯಾರೂ ನೆಲೆಸುವ ಲಕ್ಷಣವಿಲ್ಲ" ಎಂದು ಬರೆದವನು ನಾನೇ. ಈಗ ಅಲ್ಲಿ ಬೀದಿಗೊಂದು ಸತ್ಯನಾರಾಯಣ ಪೂಜೆ ನಡೆಯುತ್ತದೆ.

ನಗುವವರು ನಗಲಿ. ಆದರೆ ನಮ್ಮ ಭವಿಷ್ಯವಾಣಿ, ಕಚೇರಿಯ ಮಾತಿನಲ್ಲಿ ಪ್ರೊಜೆಕ್ಷನ್, ಬರೀ ಕಾಗದಕ್ಕೆ ಸೇರಿದ್ದಲ್ಲ. ಮಕ್ಕಳು ಕಡಿಮೆಯಾಗುತ್ತಾರೆ ಎಂದು ನಾವು ಹೇಳಿದ ಕಡೆ ಆ ಕಾಲದಲ್ಲಿ ಶಾಲೆಗಳನ್ನೇ ಮುಚ್ಚುತ್ತಿದ್ದರು. ಊರೂರು ಸುತ್ತಿದ ಆ ಮಾರಿ ಕೊನೆಗೆ ನನ್ನ ಮಗಳ ಶಾಲೆಯ ಬಾಗಿಲಿಗೇ ಬಂದು ನಿಂತಿತು.

ಬಿಸಿಲಿಗೆ ಹೊರಟವರು

ಸಿಡ್ನಿಯಲ್ಲಿ ಕೆಲಸಕ್ಕೆ ಸೇರಿದ ವಾರವೇ ಬಾಸ್ ನನ್ನ ಮೇಜಿನ ಮೇಲೆ ದಪ್ಪನೆಯ ವರದಿಯೊಂದನ್ನು ಧೊಪ್ಪೆಂದು ಹಾಕಿದರು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಜನ ಹೇಗೆ ಹೆಚ್ಚಾದರು, ಹೇಗೆ ಕಡಿಮೆಯಾದರು ಎಂಬ ವಿಚಾರ. ಫ್ಲಾರಿಡಾ, ಟೆಕ್ಸಾಸ್, ಜಾರ್ಜಿಯಾಗಳಿಗೆ ಉತ್ತರದಿಂದ ಜನ ನುಗ್ಗುತ್ತಿದ್ದಾರೆ. ಅದೇ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಹತ್ತಿ ಬೆಳೆಯುವ ಊರುಗಳು ಅಂಗಡಿಗೆ ಬಾಗಿಲು ಹಾಕಿಕೊಂಡು ಖಾಲಿಯಾಗುತ್ತಿವೆ. ಇದೆಲ್ಲ ಅರ್ಥವಾಯಿತು. ಆದರೆ ಜನ ಬರುವುದಕ್ಕೆ ಕೊಟ್ಟಿದ್ದ ಕಾರಣಗಳಲ್ಲಿ ಒಂದನ್ನು ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಬಿಸಿಲು!

"ಬಿಸಿಲಿಗೋಸ್ಕರ ಮನೆ ಮಾರಿಕೊಂಡು ಹೋಗ್ತಾರಾ ಸಾರ್?" ಎಂದೆ. ಬಿಸಿಲು ಬಂದರೆ ಕೊಡೆ ಬಿಚ್ಚುವ ದೇಶದಿಂದ ಬಂದವನು ನಾನು.

"ಇಲ್ಲೂ ಅದೇ ಕಥೆ. ಮೆಲ್ಬರ್ನ್‌ನವರು ಚಳಿ ತಡೀಲಾರದೆ ಬಿಸಿಲಿನ ಕ್ವೀನ್ಸ್‌ಲ್ಯಾಂಡ್‌ಗೆ ಓಡ್ತಿದ್ದಾರೆ. ನಮ್ಮ ಸಿಡ್ನಿಯವರೂ ಶುರು ಮಾಡಿದ್ದಾರೆ. ಅಮೆರಿಕದಲ್ಲಿ ಆದದ್ದು ಇಲ್ಲೂ ಆಗುತ್ತಾ, ಸ್ಟಡಿ ಮಾಡು," ಎಂದರು.

ನಮ್ಮ ವಿಭಾಗದಲ್ಲಿ ಬಾಸ್ ಸೇರಿ ನಾಲ್ಕು ಜನ. ಸ್ಥಳ ಪರಿಶೀಲನೆಗೆಂದು ಒಬ್ಬನನ್ನು ಕ್ವೀನ್ಸ್‌ಲ್ಯಾಂಡ್‌ಗೆ ಕಳಿಸಿದರು. ಅವನ ರಾಜೀನಾಮೆ ಬಂತು. ಅವನನ್ನು ಮಾತಾಡಿಸಿ ಕರೆತರಲು ಎರಡನೆಯವನು ಹೋದ. ಅವನದೂ ಬಂತು. ಬಾಸ್ ಕೆಂಡಾಮಂಡಲವಾಗಿ, "ನಾನೇ ಹೋಗಿ ವಿಚಾರಿಸ್ತೀನಿ" ಎಂದು ಸೂಟ್‌ಕೇಸ್ ಹಿಡಿದು ಹೊರಟರು. ಹದಿನೈದು ದಿನದ ಮೇಲೆ ನನಗೊಂದು ಪೋಸ್ಟ್‌ಕಾರ್ಡ್ ಬಂತು. ಒಂದು ಕಡೆ ಸಮುದ್ರ, ಮರಳು, ಬಿಸಿಲು. ಇನ್ನೊಂದು ಕಡೆ ಬಾಸ್ ಅಕ್ಷರ: "ನಿನ್ನ ಪ್ರಶ್ನೆಗೆ ಉತ್ತರ, ಹೌದು, ಮಾರುತ್ತಾರೆ. ನನ್ನ ಮನೆಗೆ ಗಿರಾಕಿ ಇದ್ದರೆ ತಿಳಿಸು."

ಎದುರು ದಿಕ್ಕಿನ ಲಾರಿ

ಜನವಿಲ್ಲದ ವಿಭಾಗ ಯಾಕೆ ಎಂದು ಮೇಲಿನವರು ಅದನ್ನು ಮುಚ್ಚಿದರು. ತೊಂಬತ್ತರ ದಶಕ ಕಣ್ಣು ಬಿಡುತ್ತಿತ್ತು. ಮೆಲ್ಬರ್ನ್‌ನಲ್ಲಿ ಕೆಲಸಗಳು ಹಾರಿ ಹೋಗಿ, ಜನ ಊರು ಬಿಟ್ಟು ಹೊರಟಿದ್ದರು. ಅವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆಂದು ನೋಡುವುದಕ್ಕೆ ಅಲ್ಲಿ ಒಬ್ಬ ಬೇಕಾಗಿದ್ದ. ಹೀಗೆ, ಎಲ್ಲರೂ ಬಿಡುತ್ತಿದ್ದ ಊರಿನಲ್ಲಿ ನನಗೆ ಕೆಲಸ ಸಿಕ್ಕಿತು.

ಸಾಮಾನು ಸಾಗಿಸಲು ಬಂದ ಲಾರಿ ಡ್ರೈವರ್, ವಿಳಾಸ ನೋಡಿ ಹಾಗೇ ನಿಂತುಬಿಟ್ಟ.

"ಮೆಲ್ಬರ್ನ್‌ನಿಂದ ಇಲ್ಲಿಗಾ?"

"ಇಲ್ಲಿಂದ ಮೆಲ್ಬರ್ನ್‌ಗೆ."

"ಒಳಗೆ ಹೋಗ್ತಿದ್ದೀರಾ? ಅಲ್ಲೇ ಇರೋಕೆ?" ಅವನ ದನಿಯಲ್ಲಿ ಗಾಬರಿಯಿತ್ತು. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಮನೇಲಿ ಎಲ್ಲ ಸರಿಯಾಗಿದೆಯಾ?" ಎಂದು ಬೇರೆ ಕೇಳಿದ. ಆ ವರ್ಷವೆಲ್ಲ ತಾನು ತುಂಬಿದ ಲಾರಿಯನ್ನು ಆ ಊರಿನಿಂದ ಹೊರಕ್ಕೇ ಓಡಿಸಿದ್ದನಂತೆ. ವಾಪಸ್ ಹೋಗುವಾಗ ಹಿಂದೆ ಗಡಗಡ ಸದ್ದು ಮಾಡುವ ಖಾಲಿ ಡಬ್ಬ.

ನಾವು ಕಾರಿನಲ್ಲಿ ಅವನ ಹಿಂದೆಯೇ ಹೊರಟೆವು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಗಡಿಯ ನದಿ ಬಂದದ್ದೇ ಲಾರಿ ನಿಲ್ಲಿಸಿ ಇಳಿದು ಬಂದ. ಏನೋ ಕೆಟ್ಟಿತು ಎಂದು ನಾನೂ ಇಳಿದೆ. ಅವನು ಕ್ಯಾಮೆರಾ ತೆಗೆದು, ನನ್ನನ್ನೂ ಹೆಂಡತಿಯನ್ನೂ ಮಗುವನ್ನೂ "ವಿಕ್ಟೋರಿಯಾಕ್ಕೆ ಸ್ವಾಗತ" ಎಂಬ ಬೋರ್ಡಿನ ಕೆಳಗೆ ನಿಲ್ಲಿಸಿದ. "ಹೀಗೇ ಬಾಯಲ್ಲಿ ಹೇಳಿದ್ರೆ ಡಿಪೋದಲ್ಲಿ ಒಬ್ಬರೂ ನಂಬಲ್ಲ."

ಯುಗಾದಿ ಊಟದ ಪ್ರೊಜೆಕ್ಷನ್

ಮೆಲ್ಬರ್ನ್‌ನ ಕನ್ನಡದವರು ಯುಗಾದಿಗೆ ಒಂದು ಹಾಲ್ ಬುಕ್ ಮಾಡಿ ಊಟ ಹಾಕುತ್ತಿದ್ದರು. ಬರುತ್ತೀರಾ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡರು, ಊಟದ ಹೊತ್ತಿಗೆ ಮಾತ್ರ ಪ್ರತ್ಯಕ್ಷ. ಅಡುಗೆಯ ಮುಂದಾಳು ನಮ್ಮ ಪಕ್ಕದ ಬಡಾವಣೆಯಾದ ಬಾಕ್ಸ್ ಹಿಲ್‌ನ ಒಬ್ಬ ಡಾಕ್ಟರು. ನಾನು ಜನಸಂಖ್ಯೆಯವನು ಎಂದು ತಿಳಿದದ್ದೇ, "ಎಷ್ಟು ಅಕ್ಕಿ ಹಾಕೋದು ನೀವೇ ಹೇಳಿಬಿಡಿ ಸಾರ್" ಎಂದರು.

ನನಗೆ ಕೊಂಬು ಬಂತು. ರಿಸೆಶನ್, ನಿರುದ್ಯೋಗ, ಬ್ರಿಸ್ಬೇನ್‌ಗೆ ಹೋದವರು, ಎಲ್ಲವನ್ನೂ ಹಾಕಿ ಗುಣಿಸಿ, "ಹೋದ ವರ್ಷದ ಅರ್ಧ ಸಾಕು" ಎಂದೆ.

ಹಾಲ್‌ನ ಬಾಗಿಲು ತೆರೆಯಿತು. ಮೊದಲು ಒಂದು ರೇಷ್ಮೆ ಸೀರೆಯ ಅಜ್ಜಿ, ಹಿಂದೆ ಸ್ವೆಟರ್ ತೊಟ್ಟ ತಾತ. ಅವರ ಹಿಂದೆ ಇನ್ನೊಂದು ಅಜ್ಜಿ, ಇನ್ನೊಂದು ತಾತ. ಪ್ರತಿ ಕಾರಿನಿಂದಲೂ ಅಜ್ಜಿಯರು ಇಳಿದರು. ಮಗಳ ಬಾಣಂತನಕ್ಕೆಂದು ಬೆಂಗಳೂರು, ಮೈಸೂರುಗಳಿಂದ ಬಂದವರು. ಅವರ ಕೈಯಲ್ಲೆಲ್ಲ ಕೂಸುಗಳು. ಸಾರು ಮೊದಲ ಪಂಕ್ತಿಗೇ ತಳ ಕಂಡಿತು.

"ಇಷ್ಟೊಂದು ಬಾಣಂತನ ಎಲ್ಲಿಂದ ಬಂತು ಡಾಕ್ಟ್ರೇ? ಎಲ್ಲರಿಗೂ ಕೆಲಸ ಹೋಗಿದೆಯಲ್ಲ!" ಎಂದು ನಾನು ತಲೆ ಹಿಡಿದುಕೊಂಡೆ.

ಡಾಕ್ಟರು ಖಾಲಿ ಸೌಟನ್ನು ನೋಡುತ್ತ ಹೇಳಿದರು: "ಕೆಲಸ ಇಲ್ಲ ಅಂದ್ರೆ ಮನೇಲೇ ಇರ್ತಾರಲ್ರೀ."

ಮನೆಯೊಳಗಿನ ವಿರೋಧ ಪಕ್ಷ

ನಾವಿದ್ದ ಸಬರ್ಬ್‌ನಲ್ಲಿ ಬರೀ ಮುದುಕರು. ಅವರ ಮಕ್ಕಳು ಬೆಳೆದು ಎತ್ತಲೋ ಹೋಗಿದ್ದರು. ಇಲ್ಲಿ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ ಎಂದು ನಾನೂ ಕಂಡದ್ದನ್ನೇ ಬರೆದೆ. ಒಂದು ಸಂಜೆ ಮಗಳು ಬ್ಯಾಗನ್ನು ನೆಲಕ್ಕೆ ಬಿಟ್ಟು, "ಡ್ಯಾಡ್, ಆರ್ ಯು ಕ್ಲೋಸಿಂಗ್ ಮೈ ಸ್ಕೂಲ್?" ಎಂದಳು.

ಶಾಲೆಯವರು ಹೇಳಿ ಕಳಿಸಿದ್ದರು. ಹೊಸ ಶಾಲಾ ವರ್ಷದ ಮೊದಲ ದಿನ ಬೆಳಿಗ್ಗೆ ಒಬ್ಬ ಅಧಿಕಾರಿ ಬಂದು ತರಗತಿಯಲ್ಲಿ ಕೂತಿರುವ ಮಕ್ಕಳನ್ನು ನೋಡುತ್ತಾರೆ. ತಕ್ಕಷ್ಟು ಮಕ್ಕಳಿದ್ದರೆ ಶಾಲೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಸಿಡ್ನಿಯಿಂದ ಬಂದ ಮೇಲೆ ಆ ಮಗು ಎಷ್ಟೋ ತಿಂಗಳು ಹೊರಗೆ ತುಟಿ ಬಿಚ್ಚಿರಲಿಲ್ಲ. ಅವಳ ಬಾಯಿಂದ ಮೊದಲ ಮಾತು ಹೊರಡಿಸಿದ್ದು ಆ ಶಾಲೆಯ ಟೀಚರು. ಅವಳಿಗೆ ಇದ್ದ ಒಬ್ಬಳೇ ಗೆಳತಿಯೂ ಅಲ್ಲಿಯವಳೇ.

"ನಾನೇನು ಮಾಡಲಿ? ಟ್ರೆಂಡ್ ಹಾಗಿದೆ," ಎಂದೆ.

"ಟ್ರೆಂಡ್ ಅಂತೆ!" ಎಂದು ಹೆಂಡತಿ ಫೋನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಬಾಕ್ಸ್ ಹಿಲ್ ಸುತ್ತಮುತ್ತಲಿದ್ದ ಕನ್ನಡದ ಮನೆಗಳಿಗೆಲ್ಲ ಫೋನ್ ಹೋಯಿತು. "ನೋಡೀ, ಟೀಚರು ಬಂಗಾರದಂಥವರು. ನಿಮ್ಮ ಮಗೂನ ಇಲ್ಲಿಗೇ ಸೇರಿಸಿ. ನೀವೊಬ್ಬರು ಹೂಂ ಅಂದ್ರೆ ಡಾಕ್ಟರ ಮನೆಯವರೂ ಸೇರಿಸ್ತಾರೆ." ಅತ್ತ ಡಾಕ್ಟರ ಮನೆಗೂ ಅದೇ ಮಾತು, ಹೆಸರು ಮಾತ್ರ ಅದಲು ಬದಲು. ವರ್ಷವೆಲ್ಲ ಕೂತು ನಾನು ಮಾಡಿದ ಪ್ರೊಜೆಕ್ಷನ್ನು ಒಂದು ಶನಿವಾರ ಮಧ್ಯಾಹ್ನದೊಳಗೆ ತಲೆಕೆಳಗಾಯಿತು. ಸಾಲದ್ದಕ್ಕೆ, ನಡುನಡುವೆ ಅವಳಿಗೆ ಕಾಫಿ ಮಾಡಿಕೊಟ್ಟವನೂ ನಾನೇ.

ರಾಹು ಹೋಗುವ ತನಕ

ಶಾಲೆ ತೆರೆದದ್ದು ಸೋಮವಾರ. ಬಂದ ಅಧಿಕಾರಿ ಗಂಭೀರ ಮುಖದ ಒಬ್ಬ ಹೆಂಗಸು. ನಮ್ಮ ಕಚೇರಿಯ ಪರವಾಗಿ ನಾನೇ ಅವರ ಜೊತೆ ಹೋಗಬೇಕಾಯಿತು. ಮಗಳನ್ನು ಕರೆತರುವುದು ಹೆಂಡತಿಯ ಮತ್ತು ಮೈಸೂರಿನಿಂದ ಬಂದಿದ್ದ ನಮ್ಮತ್ತೆಯ ಪಾಲಿಗೆ.

ಒಂಬತ್ತಕ್ಕೆ ಗಂಟೆ ಹೊಡೆಯಿತು. ನಾನು ಖುಷಿಯಿಂದ ತರಗತಿಯ ಒಳಗೆ ಕಣ್ಣು ಹಾಯಿಸಿದೆ. ಅಲ್ಲೊಂದು ಇಲ್ಲೊಂದು ಹಳೆಯ ಮಕ್ಕಳು. ಕನ್ನಡದ ಒಂದು ನರಪಿಳ್ಳೆಯೂ ಇಲ್ಲ. ನನ್ನ ಮಗಳೇ ಇಲ್ಲ! ಹೆಡ್‌ಮಾಸ್ಟರು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅಧಿಕಾರಿ ನನ್ನ ಕೈ ಕುಲುಕಿ, "ನಿಮ್ಮ ಪ್ರೊಜೆಕ್ಷನ್ ಸರಿಯಾಗಿದೆ, ಅಭಿನಂದನೆ" ಎಂದರು. ಅಷ್ಟು ವರ್ಷಗಳ ಸರ್ವೀಸಿನಲ್ಲಿ ನಾನು ಹೇಳಿದ್ದು ನಿಜವಾದದ್ದು ಅದೊಂದೇ ಸಲ. ನನಗೆ ಅಳು ಬಂತು.

ಹೊರಗೆ ಓಡಿದೆ. ಗೇಟಿನಾಚೆ ಬೀದಿಯುದ್ದಕ್ಕೂ ಕಾರುಗಳು. ಪ್ರತಿ ಕಾರಿನಲ್ಲೂ ಹೊಸ ಯೂನಿಫಾರ್ಮ್, ಹಣೆಗೆ ಕುಂಕುಮ, ಬೆವರುತ್ತಿರುವ ಮಕ್ಕಳು. ಮುಂದಿನ ಕಾರಿನಲ್ಲಿ ನನ್ನ ಹೆಂಡತಿ.

"ಏನಿದು! ಗಂಟೆ ಹೊಡೆದಾಯ್ತು! ಒಳಗೆ ನಡೀರಿ!"

"ಅಜ್ಜಿ ಸೇಸ್ ನಾಟ್ ಯೆಟ್," ಎಂದಳು ಮಗಳು.

ಹಿಂದಿನ ಸೀಟಿನಿಂದ ಅತ್ತೆ ಶಾಂತವಾಗಿ ಹೇಳಿದರು: "ರಾಹುಕಾಲ ಇದೆ ಅಳಿಯಂದ್ರೇ. ಶಾಲೆ ಉಳೀಲಿ ಅಂತ ತಾನೆ ಇಷ್ಟು ಜನ ಬಂದಿರೋದು? ರಾಹುಕಾಲದಲ್ಲಿ ಕಾಲಿಟ್ರೆ ಉಳಿಯುತ್ತಾ?"

"ಸೋಮವಾರ ಒಂಬತ್ತಕ್ಕೆ ಮುಗಿಯುತ್ತಲ್ಲ ಅತ್ತೆ!"

ಪಕ್ಕದ ಕಾರಿನಿಂದ ಡಾಕ್ಟರು ತಲೆ ಹೊರಗೆ ಹಾಕಿದರು. "ಇದು ಡೇಲೈಟ್ ಸೇವಿಂಗ್ ಟೈಮ್ ಸಾರ್. ಗಡಿಯಾರ ಒಂದು ಗಂಟೆ ಮುಂದಿಟ್ಟಿರೋದು ಇಲ್ಲಿನ ಸರ್ಕಾರ. ಅದು ರಾಹುಗೆ ಹೇಗೆ ಗೊತ್ತಾಗ್ಬೇಕು? ಅವನು ಹೋಗೋದು ಹತ್ತಕ್ಕೇ."

"ನಾವು ಭೂಮಿಯ ಕೆಳಭಾಗದಲ್ಲಿದ್ದೀವಿ, ಎಲ್ಲ ಉಲ್ಟಾ ಆಗ್ಬೇಕು," ಎಂದು ಒಬ್ಬ ಎಂಜಿನಿಯರು ಕಾರಿನ ಬಾನೆಟ್ ಮೇಲೆ ಬೆರಳಿನಿಂದ ಭೂಮಿಯ ಚಿತ್ರ ಬರೆಯತೊಡಗಿದ. ಅತ್ತೆ ಮೊದಲು ಮೈಸೂರಿನ ಟೈಮೇ ಆಗಬೇಕು, ಮಧ್ಯಾಹ್ನದ ಊಟದ ನಂತರವೇ ಒಳಗೆ ಹೋಗಬೇಕು ಎಂದಿದ್ದರಂತೆ. ಎಲ್ಲರೂ ಸೇರಿ ಹೇಗೋ ಹತ್ತಕ್ಕೆ ಒಪ್ಪಿಸಿದ್ದರು. ಇವರಲ್ಲಿ ಅರ್ಧ ಜನ ಡಾಕ್ಟರೇಟ್ ಪಡೆದವರು!

ಅಷ್ಟರಲ್ಲಿ ಅಧಿಕಾರಿ ಹೊರಗೆ ಬಂದರು. ಹೊರಡಬೇಕೆಂದರೆ ಅವರ ಕಾರಿಗೆ ಅಡ್ಡವಾಗಿ ಡಾಕ್ಟರ ಕಾರು.

"ದಯವಿಟ್ಟು ತೆಗೀತೀರಾ?"

"ಈಗ ಗಾಡಿ ಸ್ಟಾರ್ಟ್ ಮಾಡೋ ಹಾಗಿಲ್ಲ ಮೇಡಂ," ಎಂದು ಡಾಕ್ಟರು ಕೀಲಿಯನ್ನು ಜೇಬಿಗಿಳಿಸಿದರು.

ಅಧಿಕಾರಿ ಸಾಲಾಗಿ ನಿಂತ ಕಾರುಗಳತ್ತ ತಿರುಗಿದರು. ಕಾರುಗಳೊಳಗಿನ ಮಕ್ಕಳನ್ನು ಒಂದೊಂದಾಗಿ ನೋಡುತ್ತ ಬಂದು, "ಇವರೆಲ್ಲ ಇಲ್ಲೇಕೆ ಕೂತಿದ್ದಾರೆ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

"ರಾಹು ಹೋಗಲಿ ಅಂತ ಕಾಯ್ತಿದ್ದೀವಿ."

"ರಾಹು? ಅವರು ನಮ್ಮ ಇಲಾಖೆಯವರೇ?"

ನೆಲ ಬಾಯಿಬಿಟ್ಟರೆ ಸಾಕು ಎನಿಸಿತು ನನಗೆ. "ಅಲ್ಲ ಮೇಡಂ, ತುಂಬಾ ಸೀನಿಯರ್" ಎಂದಷ್ಟೇ ಹೇಳಿದೆ. ಅವರನ್ನು ಮರದ ನೆರಳಿನಲ್ಲಿ ಕೂರಿಸಿದೆವು. ಅತ್ತೆ ಫ್ಲಾಸ್ಕಿನಿಂದ ನೀರು ಮಜ್ಜಿಗೆ ಬಗ್ಗಿಸಿ ಕೊಟ್ಟರು. ಇಂಗು, ಕರಿಬೇವು ಹಾಕಿದ ಆ ಮಜ್ಜಿಗೆಯನ್ನು ಆಕೆ ಅನುಮಾನದಿಂದ ಗುಟುಕರಿಸಿ, ಆಮೇಲೆ ಇನ್ನೊಂದು ಲೋಟ ಕೇಳಿದರು.

ಹತ್ತು ಹೊಡೆಯಿತು. ಕಾರುಗಳ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಬಾಯಿಗೆ ಸಕ್ಕರೆ ಹಾಕಿಸಿಕೊಂಡು, ಬಲಗಾಲು ಮುಂದಿಟ್ಟು, ಮಕ್ಕಳು ಗೇಟಿನೊಳಗೆ ನುಗ್ಗಿದರು. ತರಗತಿಯ ಕುರ್ಚಿಗಳು ಸಾಲದೆ ಟೀಚರುಗಳು ಸ್ಟಾಫ್ ರೂಮಿನಿಂದ ಹೊತ್ತು ತಂದರು. ನನ್ನ ಮಗಳು ಗೆಳತಿಯ ಪಕ್ಕ ಹೋಗಿ ಕೂತಳು. ನನ್ನ ಪ್ರೊಜೆಕ್ಷನ್ ಸುಳ್ಳಾಯಿತು ಎಂದು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಅಧಿಕಾರಿ ಎಲ್ಲ ತರಗತಿಗಳನ್ನೂ ಇನ್ನೊಮ್ಮೆ ಸುತ್ತಿ ಹೊರಗೆ ಬಂದರು. ಡಾಕ್ಟರು ಆಗಲೇ ನಗುನಗುತ್ತ ಕಾರು ಪಕ್ಕಕ್ಕೆ ತೆಗೆದಿದ್ದರು. "ಶಾಲೆ ಉಳಿಸಬಹುದು ಅಂತ ಈಗಲೇ ಬರೆದುಕೊಡ್ತೀನಿ," ಎಂದು ಆಕೆ ಫೈಲ್ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಕೈ ತಡೆದು, ಬೀದಿಯ ಆ ತುದಿ ಈ ತುದಿ ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದರು:

"ಆ ರಾಹು ಖಂಡಿತ ಹೋದರು ತಾನೆ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ವಾಚು ನೋಡಿಕೊಂಡು ತಲೆಯಾಡಿಸಿದರು. ಆಕೆ ಸಹಿ ಹಾಕಿದರು.