ಬೀಗರ ಮುಂದೆ ಬೀಗ

ಈ ಪ್ರವಾಸ ಮುಗಿಯುವುದರೊಳಗೆ ಬೀಗರ ಮುಂದೆ ಒಮ್ಮೆಯಾದರೂ ಎದೆಯುಬ್ಬಿಸಿ ನಿಲ್ಲದಿದ್ದರೆ ಮೂವತ್ತು ವರ್ಷ ಬೀಗದಂಗಡಿ ನಡೆಸಿದ್ದೇ ದಂಡ ಎಂದು ಯಜಮಾನರು ಕಾರು ಹತ್ತುವಾಗಲೇ ಪಣ ತೊಟ್ಟಿದ್ದರು. ಮಗಳ ಮಾವ ಇತಿಹಾಸದ ನಿವೃತ್ತ ಪ್ರೊಫೆಸರು. ಕಾರು ಅವರದು, ದಾರಿ ಅವರದು, ಮಾತೂ ಅವರದೇ. ಎರಡು ದಿನದಿಂದ ಯಜಮಾನರ ಪಾಲಿಗೆ ಉಳಿದದ್ದು ಹಿಂದಿನ ಸೀಟು ಮತ್ತು "ಹೌದಾ" ಎಂಬ ಒಂದು ಪದ.

ಮೂರನೆಯ ದಿನ ದಾರಿಯಲ್ಲಿ ನಲವತ್ತೆರಡು ಕೋಣೆಗಳ ಹಳೆಯ ಮಹಲು ಸಿಕ್ಕಿತು. ಸುತ್ತ ಕಾರಂಜಿ, ಓರಣವಾಗಿ ಕತ್ತರಿಸಿದ ಗಿಡಗಳ ಸಾಲು, ಕಣ್ಣು ಹಾಯುವಷ್ಟು ದೂರ ಗುಲಾಬಿ. ಪ್ರೊಫೆಸರು ಒಂದೊಂದು ಕೋಣೆಗೂ ಒಂದೊಂದು ಪಾಠ ಮಾಡಿದರು. ಹನ್ನೊಂದನೆಯ ಕೋಣೆಯಲ್ಲಿ ಇಬ್ಬರ ಹೆಂಡತಿಯರೂ ಕಾಲುನೋವೆಂದು ಹೇಳಿ ತೋಟಕ್ಕಿಳಿದರು. ತೋಟದಲ್ಲಿ ಮಾತ್ರ ಆ ಕಾಲುಗಳು ಮೈಲಿಗಟ್ಟಲೆ ನಡೆದವು.

ಅನಾಹುತವಾದದ್ದು ಮಹಡಿಯ ಪುಸ್ತಕದ ಕೋಣೆಯಲ್ಲಿ. ಗಾಳಿ ಬೀಸಿ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗಿದ್ದ ಒಂಬತ್ತು ಜನ ಪ್ರವಾಸಿಗರು ಸರದಿಯ ಮೇಲೆ ತಳ್ಳಿದರೂ ಮಿಸುಕಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಪ್ರೊಫೆಸರ ಮುಖ ಬಿಳಿಚಿತು. ಆ ಕಾಲದ ಬೀಗ ಬ್ರಹ್ಮನಿಗೂ ಬಗ್ಗುವುದಿಲ್ಲ ಎಂದು ಇಸವಿಸಹಿತ ವಿವರಿಸಿದರು.

ಯಜಮಾನರು ತೋಳು ಮಡಿಸಿದರು. "ಬೀಗರೇ, ನಿಮ್ಮ ಪೆನ್ನು ಕೊಡಿ."

ಅದು ಸನ್ಮಾನದಲ್ಲಿ ಬಂದ ಬೆಳ್ಳಿ ಪೆನ್ನು. ಪ್ರೊಫೆಸರು ಅದನ್ನು ಎರಡು ಸಲ ಒರೆಸಿ ಕೊಟ್ಟರು. ಯಜಮಾನರು ಅದರ ಕ್ಲಿಪ್ಪನ್ನು ಕಿತ್ತು ಬಗ್ಗಿಸಿ, ಅಳುತ್ತಿದ್ದ ಹುಡುಗಿಯ ತಲೆಯಿಂದ ಒಂದು ಹೇರ್‌ಪಿನ್ನು ಬೇಡಿ, ಬೀಗದ ಕಿಂಡಿಗೆ ಕಿವಿಯಾನಿಸಿ ಮಂಡಿಯೂರಿದರು. ಹತ್ತು ನಿಮಿಷಕ್ಕೆ ಒಳಗೆ "ಟಕ್" ಎಂದಿತು. ಅರ್ಧ ಕೆಲಸ ಮುಗಿಯಿತೆಂದು ಯಜಮಾನರು ಘೋಷಿಸಿದಾಗ ಜನ ಚಪ್ಪಾಳೆ ತಟ್ಟಿದರು. ಹೊರಗಿನಿಂದಲೂ ಯಾರೋ ಬಾಗಿಲು ಬಡಿದರು. ಅದನ್ನೂ ಚಪ್ಪಾಳೆಯ ಲೆಕ್ಕಕ್ಕೇ ಸೇರಿಸಿಕೊಂಡು ಯಜಮಾನರು ಕೆಲಸ ಮುಂದುವರಿಸಿದರು.

ಇನ್ನೊಂದು ಕಾಲುಗಂಟೆಗೆ ಎರಡನೆಯ "ಟಕ್". ಯಜಮಾನರು ಹೆಗಲು ಕೊಟ್ಟು ತಳ್ಳಿದರು. ಬಾಗಿಲು ತೆರೆದುಕೊಂಡಿತು.

ಆಮೇಲಿನ ವೈಭವ ಕೇಳಬೇಡಿ. ಹುಡುಗಿ ಕಾಲಿಗೆ ಬಿದ್ದಳು, ಅವಳ ಗಂಡ ಫೋಟೋ ತೆಗೆದ. ಮುರಿದ ಪೆನ್ನನ್ನು ಎತ್ತಿ ಹಿಡಿದು ಪ್ರೊಫೆಸರು, "ಇವರು ನಮ್ಮ ಬೀಗರು!" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಬೀಗ ತೆರೆದವರು ಬೀಗುವುದಿರಲಿ, ಬೀಗರೇ ಬೀಗುತ್ತಿದ್ದರು. ಉಳಿದ ಕೋಣೆಗಳನ್ನೆಲ್ಲ ಪಾಠವಿಲ್ಲದೆ ನೋಡುವ ಭಾಗ್ಯ ಎಲ್ಲರಿಗೂ ಸಿಕ್ಕಿತು. ಪ್ರೊಫೆಸರ ಬಾಯಲ್ಲಿ ಈಗ ಇದೊಂದೇ ಇತಿಹಾಸ.

ಯಜಮಾನರು ಹೊರಗೆ ಕಾಲಿಟ್ಟಾಗ ಬಾಗಿಲಿನ ಪಕ್ಕದಲ್ಲಿ ಮಹಲಿನ ಕಾವಲುಗಾರ ಬೆವರೊರೆಸಿಕೊಳ್ಳುತ್ತ ನಿಂತಿದ್ದ. ಜೊತೆಗೆ ಯಜಮಾನರ ಹೆಂಡತಿ. ಬಾಗಿಲು ಧಡಾರನೆ ಮುಚ್ಚಿದ ಸದ್ದು ತೋಟದವರೆಗೂ ಕೇಳಿ ಅವಳೇ ಅವನನ್ನು ಕರೆತಂದಿದ್ದಳಂತೆ. ಉಳಿದವರೆಲ್ಲ ಮುಂದೆ ಹೋದ ಮೇಲೆ ಕಾವಲುಗಾರ ಸಂಕೋಚದಿಂದ ವಿಷಯ ತಿಳಿಸಿದ. ಆ ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು, ಕೀಲಿಯೂ ಕಳೆದುಹೋಗಿತ್ತು. ಮರ ಉಬ್ಬಿ ಆಗಾಗ ಬಾಗಿಲು ಕಚ್ಚಿಕೊಳ್ಳುವುದಿತ್ತು. ಹೊರಗಿನಿಂದ ಒಂಚೂರು ಎತ್ತಿ ಎಳೆದರೆ ಬರುತ್ತಿತ್ತು. ಎಳೆಯೋಣವೆಂದು ಅವನು ಕೈಯಿಡುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಮೊದಲನೆಯ "ಟಕ್" ಆಗಿ, ಬಾಗಿಲಿಗೆ ನಿಜವಾಗಿಯೂ ಬೀಗ ಬಿದ್ದುಬಿಟ್ಟಿತ್ತು. ಅವನು ಬಾಗಿಲು ಬಡಿದದ್ದು ಅದಕ್ಕೇ. ಎರಡನೆಯ "ಟಕ್" ಆದ ಕ್ಷಣವೇ ಅವನೂ ಎತ್ತಿ ಎಳೆದಿದ್ದ.

ಯಜಮಾನರು ಹೆಂಡತಿಯ ಮುಖ ನೋಡಿದರು. ತುಸು ದೂರದಲ್ಲಿ ಪ್ರೊಫೆಸರು ತಮ್ಮ ಹೆಂಡತಿಗೆ ಕೈ ಕುಣಿಸಿ ಕುಣಿಸಿ ಸಾಹಸ ವರ್ಣಿಸುತ್ತಿದ್ದರು.

ಯಜಮಾನರ ಹೆಂಡತಿ ಗಂಡನ ಅಂಗಿಯ ಮೇಲಿನ ಧೂಳು ಕೊಡವಿದಳು.

"ಬೀಗ ಹಾಕಿದ್ದೂ ನೀವೇ, ತೆಗೆದಿದ್ದೂ ನೀವೇ. ನಿಮ್ಮ ಬೀಗರ ಹತ್ತಿರ ನಾನು ತೆಗೆದಿದ್ದನ್ನ ಮಾತ್ರ ಹೇಳ್ತೀನಿ. ನಡೀರಿ, ಗುಲಾಬಿ ತೋರಿಸ್ತೀನಿ."