ಪರೀಕ್ಷೆಯಲ್ಲಿ ಪಾಸಾದ ಗ್ರಿಲ್

“ಈ ರಜೆ ಮುಗಿಯೋವರೆಗೆ ನೀನು ಸೌಟು ಮುಟ್ಟಿದರೆ ಕೇಳು! ಅಡುಗೆಯೆಲ್ಲ ನನ್ನದು” ಎಂದು ನಲ್ಲಿ ಕಾರ್ಖಾನೆಯ ಪರೀಕ್ಷಕರು ಘೋಷಿಸಿದಾಗ ಅವರ ಹೆಂಡತಿ ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ. ಇಂಥ ಘೋಷಣೆಗಳು ಆ ಮನೆಯಲ್ಲಿ ಆಗಾಗ ಹೊರಬಿದ್ದು ಸಂಜೆಯೊಳಗೆ ತಾವಾಗಿಯೇ ತಣ್ಣಗಾಗುತ್ತಿದ್ದವು.

ಆಕೆ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಹಗಲೆಲ್ಲ ರೋಗಿಗಳಿಗೂ ಅವರನ್ನು ನೋಡಲು ಬಂದವರಿಗೂ ಬೇಯಿಸುವುದು, ಮನೆಗೆ ಬಂದು ಗಂಡನಿಗೆ ಬೇಯಿಸುವುದು. ಬಿಸಿಬಿಸಿ ಬಡಿಸಿದ್ದುಂಟು, ಬಿಸಿ ಇರುವಾಗ ತಾನೇ ಕೂತು ಉಂಡದ್ದು ಅವಳಿಗೆ ನೆನಪಿಲ್ಲ. ವರ್ಷಗಳ ಮೇಲೆ ರಜೆ ಸಿಕ್ಕಿತ್ತು. ಟ್ಯಾಕ್ಸಿ ಓಡಿಸುವ ಅವಳ ತಮ್ಮ ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದ್ದ. ಒಳಗೇ ಮಂಚ, ಸಿಂಕು, ಪುಟ್ಟದೊಂದು ಸ್ಟೌ. ಹೊರಗೆ ಬಿಚ್ಚಿ ಹರಡಲು ಬಟ್ಟೆಯ ಚಪ್ಪರ.

“ನನಗೆ ಕೆರೆ ಬೇಡ, ಗುಡ್ಡ ಬೇಡ ಕಣೋ,” ಎಂದಿದ್ದಳು ತಮ್ಮನಿಗೆ. “ಯಾರಾದರೂ ತಟ್ಟೆಗೆ ಹಾಕಿ ಕೊಡಲಿ, ನಾನು ಕೂತು ತಿನ್ನಬೇಕು. ಅಷ್ಟೇ.”

ತಮ್ಮ ಇದನ್ನು ಭಾವನ ಕಿವಿಗೆ ಹಾಕಿದ. ಭಾವ ಕೋಳಿ ಸುಡುವ ಗ್ರಿಲ್ ಕೊಳ್ಳಲು ಹೊರಟರು!

ಗಮನಿಸಿ, ಆಕೆ ಕೇಳಿದ್ದು ಒಂದು ತಟ್ಟೆ. ಹೆಂಗಸು ದಿನವೂ ಒಲೆ ಹಚ್ಚಿದರೆ ಅದು ಮನೆಗೆಲಸ. ಗಂಡಸು ಒಂದು ದಿನ ಹಚ್ಚಬೇಕೆಂದರೆ ಹೊಸ ಯಂತ್ರ ಬೇಕು, ಮೊಳದುದ್ದದ ಇಕ್ಕಳ ಬೇಕು, ಎದೆಯ ಮೇಲೆ ಬೆಂಕಿಯ ಚಿತ್ರವಿರುವ ಏಪ್ರನ್ ಬೇಕು, ಕೊನೆಗೆ ಚಪ್ಪಾಳೆಯೂ ಬೇಕು!

ಕಾರ್ಖಾನೆಯಲ್ಲಿ ಪರೀಕ್ಷಕರ ಕೆಲಸ ಇಷ್ಟೇ. ತಯಾರಾದ ನಲ್ಲಿಯನ್ನು ತಿರುಗಿಸುವುದು, ನೀರು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು. ಹನಿ ಸೋರದಿದ್ದರೆ ಮುದ್ರೆ ಒತ್ತುವುದು. ಹೀಗೆ ತಪ್ಪು ಹುಡುಕಿಯೇ ಸಂಬಳ ತಂದ ಕೈ ಅದು. ಅಂಗಡಿಯಲ್ಲಿ ಇದ್ದಿಲಿನ ಗ್ರಿಲ್ ಬೂದಿ ಹಾರಿಸುತ್ತದೆಂದು ಫೇಲಾಯಿತು. ಕರೆಂಟಿನದು ವ್ಯಾನಿನ ಬ್ಯಾಟರಿಯನ್ನೇ ನುಂಗುತ್ತದೆಂದು ಫೇಲು. ಕಾಲಿರುವುದು ಅಲುಗುತ್ತದೆ, ಕಾಲಿಲ್ಲದ್ದಕ್ಕೆ ಬಗ್ಗಬೇಕು, ಎರಡೂ ಫೇಲು. ಕಡೆಗೆ ಅಂಗಡಿಯವನು ಸೂಟ್‌ಕೇಸಿನಂತೆ ಮಡಚುವ, ಪುಟ್ಟ ಗ್ಯಾಸ್ ಡಬ್ಬಿಯಿಂದ ಉರಿಯುವ ಗ್ರಿಲ್ ತಂದಿಟ್ಟು, ಇದೂ ಬೇಡವೆಂದರೆ ತಾನು ವ್ಯಾಪಾರವನ್ನೇ ಬಿಡುವುದಾಗಿ ಕೈಮುಗಿದ. ಪರೀಕ್ಷಕರಿಗೆ ಕನಿಕರ ಹುಟ್ಟಿತು. ಗ್ರಿಲ್ ಪಾಸಾಯಿತು. ಜೊತೆಗೆ ಡಬ್ಬಿ ಎರಡು, ಒಂದು ಬಳಸಲು, ಒಂದು ಹೆಚ್ಚುವರಿ.

ಅಂದಿನಿಂದ ರಜೆಗೆ ಹೊರಡುವವರೆಗೂ ಸಂಜೆಯಾಯಿತೆಂದರೆ ಬಾಲ್ಕನಿಯಲ್ಲಿ ಪರೀಕ್ಷೆ. ಗುಂಡಿ ತಿರುಗಿಸುವರು, ಭಗ್ ಎನ್ನುವುದು, ಆರಿಸುವರು, ಮತ್ತೆ ಭಗ್. ಒಂದೇ ಡಬ್ಬಿಯನ್ನು ಪರೀಕ್ಷಿಸಿದರೆ ಇನ್ನೊಂದಕ್ಕೆ ಅನ್ಯಾಯವಾದೀತೆಂದು ಅದನ್ನೂ ಸಿಕ್ಕಿಸಿ ಭಗ್ಗೆನ್ನಿಸಿದರು.

“ರೀ, ಅದನ್ನ ಹಾಗೆ ಹಚ್ತಾನೇ ಇದ್ರೆ...” ಎಂದು ಹೆಂಡತಿ ಬಾಯಿ ತೆರೆದಳು.

“ಒಲೆ ವಿಷಯ ನಿನಗೆ ಬೇಡ. ನೀನು ರಜೆಯಲ್ಲಿದ್ದೀಯ.”

ಸರಿ ಎಂದು ಆಕೆ ಒಳಗೆ ಹೋದಳು. ಗಂಡನ ಮಾತನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಅದೇ ಮೊದಲಿರಬೇಕು.

ತಮ್ಮನೇ ಓಡಿಸಿಕೊಂಡು ಬಂದ ವ್ಯಾನು ಕೆರೆಯ ದಂಡೆಯ ಕ್ಯಾಂಪಿನಲ್ಲಿ ನಿಂತಿತು. ಮರುದಿನ ಬೆಳಗ್ಗೆ ಪಕ್ಕದ ವ್ಯಾನಿನ ಹಲ್ಲಿನ ಡಾಕ್ಟರು ಗ್ರಿಲ್ಲನ್ನು ಮೆಚ್ಚಿ ಎರಡು ಮಾತಾಡಿದ್ದೇ ತಡ, ಪರೀಕ್ಷಕರು ಉಬ್ಬಿಹೋಗಿ ಡಾಕ್ಟರನ್ನೂ ಅವರ ಹೆಂಡತಿಯನ್ನೂ ಮಧ್ಯಾಹ್ನದ ಊಟಕ್ಕೆ ಕರೆದೇಬಿಟ್ಟರು. ಕೋಳಿ ತೊಳೆದದ್ದು ಬಾಮೈದ, ಆಲೂಗಡ್ಡೆ ಹೆಚ್ಚಿದ್ದು ಬಾಮೈದ, ಮಸಾಲೆ ಸವರಿದ್ದು ಬಾಮೈದ. ಏಪ್ರನ್ ಕಟ್ಟಿಕೊಂಡದ್ದು ಭಾವ! ಆಕೆ ಮಡಚುವ ಕುರ್ಚಿಯೊಂದರಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಕೆರೆ ನೋಡುತ್ತಿದ್ದಳು.

ಅತಿಥಿಗಳು ಬಂದರು. ಪರೀಕ್ಷಕರು ಗುಂಡಿ ತಿರುಗಿಸಿದರು. ಪುಸ್ ಎಂದಿತು. ಇನ್ನೊಮ್ಮೆ ತಿರುಗಿಸಿದರೆ ಆ ಪುಸ್ಸೂ ಇಲ್ಲ. ಹೆಚ್ಚುವರಿ ಡಬ್ಬಿ ಎತ್ತಿದರೆ ಹೂವಿನಷ್ಟು ಹಗುರ! ಕಾರ್ಖಾನೆಯಲ್ಲಿ ಪರೀಕ್ಷೆಯ ನೀರು ಇಳಿದು ಮತ್ತೆ ಅದೇ ತೊಟ್ಟಿಗೆ ಸೇರುತ್ತದೆ. ಎಷ್ಟು ಬಿಟ್ಟರೂ ಮುಗಿಯುವುದಿಲ್ಲ. ಬಾಲ್ಕನಿಯ ಗ್ಯಾಸು ಯಾವ ತೊಟ್ಟಿಗೂ ಮರಳಿರಲಿಲ್ಲ.

ಡಾಕ್ಟರು ದೊಡ್ಡ ಮನಸ್ಸಿನಿಂದ ತಮ್ಮ ಇದ್ದಿಲಿನ ಚೀಲ ತಂದುಕೊಟ್ಟರು. ಗ್ಯಾಸಿನ ಗ್ರಿಲ್ಲಿಗೆ ಇದ್ದಿಲು ಸುರಿಯುವುದನ್ನು ಹೆಂಡತಿ ನೋಡಿದಳು. ಹುಬ್ಬು ಮೇಲೇರಿತು, ಬಾಯಿ ತೆರೆಯಲಿಲ್ಲ. ಇದ್ದಿಲು ಹೊತ್ತಲೊಲ್ಲದು. ಪರೀಕ್ಷಕರು ಊದಿದರು, ತಟ್ಟೆಯಿಂದ ಬೀಸಿದರು, ಕಡೆಗೆ ಮಸಾಲೆಯ ಎಣ್ಣೆಯನ್ನೇ ಸುರಿದರು. ಒಮ್ಮೆಲೇ ಆಳೆತ್ತರದ ಜ್ವಾಲೆ! ಚಪ್ಪರದ ಬಟ್ಟೆಯಲ್ಲಿ ಬುಟ್ಟಿಯಗಲದ ತೂತು ಬಿತ್ತು. ಗ್ರಿಲ್ ಇಟ್ಟಿದ್ದ, ವ್ಯಾನಿಗೆ ತಗುಲಿದ್ದ ಪ್ಲಾಸ್ಟಿಕ್ ಮೇಜು ಬಿಸಿಗೆ ಬಳುಕಿ ಬಾಗಿತು. ಗ್ರಿಲ್ ಜಾರಿತು, ಪಕ್ಕದಲ್ಲಿಟ್ಟಿದ್ದ ಕೋಳಿ ಸಮೇತ ಹುಲ್ಲಿಗೆ ಬಿತ್ತು. ಬಾಮೈದ ಬಕೆಟ್ ನೀರು ಎರಚಿದ. ಅರ್ಧ ಬೆಂಕಿಗೆ, ಅರ್ಧ ಡಾಕ್ಟರ ಪ್ಯಾಂಟಿಗೆ. ವ್ಯಾನಿನೊಳಗಿನ ಹೊಗೆ ಅಲಾರಂ ಇಡೀ ಕ್ಯಾಂಪಿಗೆ ಕೇಳುವಂತೆ ಕಿರುಚಿಕೊಂಡಿತು.

ಹುಬ್ಬಿನ ಕೂದಲು ಸುಟ್ಟುಕೊಂಡು ಪರೀಕ್ಷಕರು ಇಕ್ಕಳ ಹಿಡಿದು ನಿಂತೇ ಇದ್ದರು.

ಅಲಾರಂ ನಿಂತ ಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಕುರ್ಚಿಯತ್ತ ಹೊರಳಿತು.

“ನೀವು ಕ್ಯಾಂಟೀನಲ್ಲಿ ಅಡುಗೆ ಮಾಡ್ತೀರಂತಲ್ಲ,” ಎಂದರು ಡಾಕ್ಟರ ಹೆಂಡತಿ, ಬೆಣ್ಣೆಯಂಥ ದನಿಯಲ್ಲಿ. “ಒಳಗೆ ಸ್ಟೌ ಇದೆ. ನಿಮಗೆ ಇದೆಲ್ಲ ಎಷ್ಟರ ಕೆಲಸ?”

ಪರೀಕ್ಷಕರಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೋದ ಜೀವ ಬಂದಂತಾಯಿತು! ಘೋಷಣೆ ಮಾಡಿದ ಅದೇ ಬಾಯಿಂದ, “ಇದೊಂದು ಸಲ ಏನಾದರೂ ಸಣ್ಣದಾಗಿ ಮಾಡಿಬಿಡೇ, ಬಂದವರ ಎದುರು...” ಎಂದು ಶುರುಮಾಡಿದರು.

“ಇಲ್ಲ. ನಾನು ಮಾಡೋದಿಲ್ಲ.”

ದನಿ ಏರಿರಲಿಲ್ಲ. ಚಾಚಿದ ಕಾಲೂ ಮಡಚಲಿಲ್ಲ. ಆದರೆ ಆಳೆತ್ತರದ ಜ್ವಾಲೆಗೂ ಬೆಚ್ಚದಷ್ಟು ಪರೀಕ್ಷಕರು ಆ ಮಾತಿಗೆ ಬೆಚ್ಚಿದರು. ಮದುವೆಯಾದಂದಿನಿಂದ ಊಟದ ವಿಷಯದಲ್ಲಿ ಅವರು ಅವಳ ಬಾಯಿಂದ ‘ಸಾಕಾ?’ ಕೇಳಿದ್ದರು, ‘ಇನ್ನೂ ಸ್ವಲ್ಪ ಹಾಕಲಾ?’ ಕೇಳಿದ್ದರು; ‘ಇಲ್ಲ’ ಎಂಬುದೊಂದು ಪದ ಇದೆಯೆಂದೇ ಗೊತ್ತಿರಲಿಲ್ಲ. ಬಾಮೈದ ಬಕೆಟ್ ಕೆಳಗಿಟ್ಟ. ಡಾಕ್ಟರು ಒದ್ದೆ ಪ್ಯಾಂಟ್ ನೋಡಿಕೊಂಡು, ಬದಲಿಸಿ ಬರುವುದಾಗಿ ಹೇಳಿ ಹೆಂಡತಿಯನ್ನು ಕರೆದುಕೊಂಡು ಹೋದರು. ಬರಲಿಲ್ಲ.

ಹಸಿವು ಮಾತ್ರ ಎಲ್ಲೂ ಹೋಗಲಿಲ್ಲ. ಪರೀಕ್ಷಕರು ವ್ಯಾನಿನೊಳಗೆ ಹೋಗಿ ತಡಕಾಡಿದರು. ಬ್ರೆಡ್ಡಿತ್ತು, ಬೆಣ್ಣೆಯಿತ್ತು, ಒಂದು ಸೌತೆಕಾಯಿ, ಎರಡು ಟೊಮೇಟೊ. ಕುಯ್ದರು, ಒಂದು ಹೋಳು ದಪ್ಪ, ಒಂದು ಕಾಗದದಷ್ಟು ತೆಳು. ಬೆಣ್ಣೆ ಸವರುವಾಗ ಬ್ರೆಡ್ಡು ಹರಿಯಿತು. ತೊಳೆದರೂ ಹೋಗದ ಮಸಿಯ ಬೆರಳಿನ ಗುರುತು ತಟ್ಟೆಯ ಅಂಚಿಗೆ ಹತ್ತಿತು. ಅದನ್ನೇ ತಂದು ಹೆಂಡತಿಯ ಕೈಗಿಟ್ಟು, ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದರು.

ಆಕೆ ಬೈಯಲಿಲ್ಲ. ಕೆರೆ ನೋಡುತ್ತ, ಆತುರವಿಲ್ಲದೆ, ಕಡೆಯ ಚೂರಿನವರೆಗೂ ತಿಂದಳು. ಎದ್ದು ಯಾರಿಗೂ ಬಡಿಸಬೇಕಿರಲಿಲ್ಲ. ಖಾಲಿ ತಟ್ಟೆ ಮುಂದೆ ಚಾಚಿ, ಇನ್ನೊಂದು ತರಲು ಹೇಳಿದಳು. ಅದನ್ನೂ ತಿಂದಳು.

“ಚೆನ್ನಾಗಿದೆ ರೀ,” ಎಂದಳು. “ಇದಕ್ಕೆ ಇಷ್ಟು ದೂರ ಬರಬೇಕಾಗಿರಲಿಲ್ಲ. ಊರಿಗೆ ಹೋದ ಮೇಲೆ ರಾತ್ರಿ ಊಟ ನಿಮ್ಮದೇ.”

ಪರೀಕ್ಷಕರು ಖಾಲಿ ತಟ್ಟೆ ಎತ್ತಿಕೊಂಡರು. “ದಿನಾನಾ?”

“ಭಾನುವಾರ ರಜೆ ಕೊಡ್ತೀನಿ,” ಎಂದಳು ಆಕೆ, ಇನ್ನೊಂದು ಕುರ್ಚಿಯ ಮೇಲೆ ಕಾಲು ಸರಿಮಾಡಿಕೊಳ್ಳುತ್ತ. “ನನಗೆ ಅದನ್ನೂ ಯಾರೂ ಕೊಟ್ಟಿರಲಿಲ್ಲ.”