ದೇವರ ಗೂಡಿನ ಪ್ಲಾಸ್ಟಿಕ್ ಪಟ್ಟಿ

ಮುರಿಯುವುದಕ್ಕೇ ಸಂಬಳ ಪಡೆಯುವವರು ಲೋಕದಲ್ಲಿ ಕಡಿಮೆ. ಮಿಕ್ಕವರೆಲ್ಲ ಬಿಟ್ಟಿಯಾಗಿಯೇ ಮುರಿಯುತ್ತಾರೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಒಂದು ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯಲ್ಲಿ ನನಗೆ ಅದೇ ಕೆಲಸ. ಪ್ಲಾಸ್ಟಿಕ್ ಪಟ್ಟಿಗೆ ಬ್ಲೇಡಿನಿಂದ ಸಣ್ಣ ಗಾಯ ಮಾಡಿ, ಯಂತ್ರಕ್ಕೆ ಕಚ್ಚಿಸಿ ಎಳೆದು, ಸೀಳು ಹಬ್ಬಲು ಎಷ್ಟು ಜೋರು ಬೇಕೆಂದು ಅಳೆಯಬೇಕು. ಗಾಜಿನ ಸ್ವಭಾವದ ಪ್ಲಾಸ್ಟಿಕ್ಕಾದರೆ ಪಟ್ಟೆಂದು ಮುರಿದು ಲೆಕ್ಕ ಒಪ್ಪಿಸುತ್ತದೆ. ನಮ್ಮದು ಹಿಗ್ಗುವ ಜಾತಿ. ಎಳೆದಷ್ಟೂ ಬೆಳ್ಳಗಾಗಿ, ಉದ್ದವಾಗಿ, ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತೇ ಹೊರತು ಎರಡಾಗುತ್ತಿರಲಿಲ್ಲ. ಥೂ, ಅದರ ಮೊಂಡುತನವೇ! ಇಂಥದ್ದನ್ನು ಒಂದಿಷ್ಟು ಎಳೆದು ನಿಲ್ಲಿಸಿ, ವಿಪರೀತ ತಣ್ಣಗೆ ಮಾಡಿ, ಆಮೇಲೆ ಮುರಿದು, ಸೀಳು ಒಳಗೆ ಎಷ್ಟು ದೂರ ಹೋಗಿತ್ತೆಂದು ನೋಡಬೇಕು. "ಸೋಮವಾರ ಅಳತೆ ಕೊಡದಿದ್ರೆ ಕೆಲಸ ಖಾಯಂ ಆಗೋದನ್ನ ಮರೆತುಬಿಡಿ" ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಉಳಿದಿದ್ದದ್ದು ಒಂದೇ ಪಟ್ಟಿ.

ಅದನ್ನು ಎಳೆಯಬೇಕಾಗಿದ್ದ ಶನಿವಾರವೇ ಟಿ. ನರಸೀಪುರದ ಭತ್ತದ ವ್ಯಾಪಾರಿ ಶಿವಬಸಪ್ಪನವರು, ಮಗಳು ರೇಣುಕಾಳನ್ನು ನನಗೆ ಕೊಡಬಹುದೇ ಎಂದು ವಿಚಾರಿಸಲು ಕಾರ್ಖಾನೆಗೇ ಬಂದರು. ಹೆಣ್ಣು ನೋಡಿ ಬಂದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಮದುವೆಯಾದರೆ ರೇಣುಕಾಳನ್ನೇ ಆಗಬೇಕು ಅನ್ನಿಸಿತ್ತು.

"ಏನ್ ಕೆಲ್ಸ ಮಾಡ್ತೀರಪ್ಪ?" ಎಂದರು.

"ಇದನ್ನ ಮುರೀತೀನಿ."

"ಮುರೀತದಾ?"

"ಇಲ್ಲ."

ಅವರು ಕೊಂಚ ಯೋಚಿಸಿ, ಚಪ್ಪಲಿ ಬಿಟ್ಟು, ಯಂತ್ರದ ಮುಂದೆ ಕೈಮುಗಿದು ನಿಂತರು. ನಮ್ಮ ಕಡೆ ಸಂಬಂಧ ಬೆಳೆಸುವ ಮುನ್ನ ದೇವರಲ್ಲಿ ಹೂ ಕೇಳುತ್ತಾರೆ, ಬಲಗಡೆ ಬಿದ್ದರೆ ಸೈ. ಆ ಹೂವಿನ ಅಧಿಕಾರವನ್ನು ಶಿವಬಸಪ್ಪನವರು ನನ್ನ ಪಟ್ಟಿಗೆ ವಹಿಸಿಬಿಟ್ಟರು. "ಸ್ವಾಮಿ, ಮುರೀದಿದ್ರೆ ಮದ್ವೆ ಆಗ್ಲಿ, ಮುರುದ್ರೆ ಬ್ಯಾಡ!" ನಾನು ಬೇಕಾದಷ್ಟು ಎಳೆದು ಯಂತ್ರ ನಿಲ್ಲಿಸಿದೆ. ಪಟ್ಟಿ ಹಿಗ್ಗಿತು, ಬೆಳ್ಳಗಾಯಿತು, ಮುರಿಯಲಿಲ್ಲ. "ಆಯ್ತು ಕಣಪ್ಪ!" ಎಂದು ಅವರು ನನ್ನನ್ನು ತಬ್ಬಿಕೊಂಡು, ಪಟ್ಟಿಯನ್ನು ಬಿಡಿಸಿ, ಟವಲಿನಲ್ಲಿ ಸುತ್ತಿ ಬಸ್ಸು ಹತ್ತಿದರು. ಭಾವೀ ಮಾವನ ಕೈಯಿಂದ ಶುಭಶಕುನ ಕಿತ್ತುಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ.

ಭಾನುವಾರ ನಾನೂ ಬಸ್ಸು ಹತ್ತಿದೆ. ಶಿವಬಸಪ್ಪನವರು ಮನೆಯಲ್ಲಿರಲಿಲ್ಲ. ಪಟ್ಟಿ ದೇವರ ಗೂಡಿನಲ್ಲಿ ವಿಭೂತಿ ಬಳಿಸಿಕೊಂಡು ಕೂತಿತ್ತು. ರೇಣುಕಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದನ್ನು ತಣ್ಣಗೆ ಮಾಡಿ ಮುರಿಯಬೇಕು, ಮುರಿದರೆ ಮದುವೆ ಇಲ್ಲ, ಮುರಿಯದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದವನಿಗೆ ನಿಮ್ಮಪ್ಪ ಹೆಣ್ಣು ಕೊಡುವುದಿಲ್ಲ. ನನಗೆ ಅಳುವೇ ಬಂದಿತ್ತು.

"ತಣ್ಣಗೆ ಅಂದ್ರೆ ಎಷ್ಟ್ ತಣ್ಣಗೆ?" ಎಂದಳು.

"ಐಸ್ ಕ್ಯಾಂಡಿ ಸಾಲಲ್ಲ. ದ್ರವ ಸಾರಜನಕ ಬೇಕು. ಮುಚ್ಚಳ ತೆಗೆದ್ರೆ ಹೊಗೆ ಬರುತ್ತೆ."

"ಅಯ್ಯೋ, ಅದು ದನಿನ ಆಸ್ಪತ್ರೇಲದೆ. ಬನ್ನಿ" ಎಂದು ಗೂಡಿನಿಂದ ಪಟ್ಟಿ ತೆಗೆದುಕೊಂಡು ಹೊರಟೇಬಿಟ್ಟಳು.

ನಿಜವೇ. ಹಸುಗಳಿಗೆ ಕೊಡುವ ಸೀಮೆಹೋರಿಗಳ ವೀರ್ಯವನ್ನು ದ್ರವ ಸಾರಜನಕದ ಕ್ಯಾನಿನಲ್ಲೇ ಇಟ್ಟಿದ್ದರು. ಕಾಂಪೌಂಡರು ಇಕ್ಕಳ ಹಿಡಿದು, "ಅಸ ಎಲ್ಲಿ ಸಾ?" ಎಂದ. "ಹಸುಗಲ್ಲ, ಪ್ಲಾಸ್ಟಿಕ್ಕಿಗೆ" ಎಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ರೇಣುಕಾಳ ಕಡೆ ತಿರುಗಿ, "ಇವ್ರಿಗೆ ಉಸಾರಿಲ್ವಾ?" ಎಂದು ಕೇಳಿದ.

"ಮದ್ವೆ ಗೊತ್ತಾಗ್ಯದೆ ಕಣಣ್ಣ, ಅದ್ಕೇ ಇಂಗಾಡ್ತಾರೆ. ಒಸಿ ಇದ್ನ ಅದ್ರೊಳಕ್ಕೆ ಅದ್ದಿಕೊಡು" ಎಂದಳು ಪುಣ್ಯಾತ್ಗಿತ್ತಿ.

ಹೊಗೆಯಾಡುತ್ತಿದ್ದ ಪಟ್ಟಿಯನ್ನು ಕಲ್ಲುಬೆಂಚಿಗೆ ಬಡಿದೆ. ಲಟಕ್ಕನೆ ಎರಡಾಯಿತು! ಸೀಳು ಹಬ್ಬಿದ ಜಾಗ ಎದ್ದು ಕಾಣುತ್ತಿತ್ತು. ಅಳತೆ ತೆಗೆದುಕೊಂಡು ಅಲ್ಲೇ ಕುಣಿದುಬಿಟ್ಟೆ. ಕಟ್ಟಿಹಾಕಿದ್ದ ಎಮ್ಮೆಯೊಂದು ಬೆದರಿ ಹಗ್ಗ ಜಗ್ಗಿತು. ಮನೆಗೆ ಮರಳಿದೊಡನೆ ರೇಣುಕಾ ಹಿತ್ತಿಲಲ್ಲಿ ಬಿದ್ದಿದ್ದ ಒಡೆದ ಬಕೆಟ್ಟಿನಿಂದ ಅಷ್ಟೇ ಉದ್ದದ ಚೂರು ಕತ್ತರಿಸಿ, ವಿಭೂತಿ ಬಳಿದು, ಗೂಡಿನಲ್ಲಿಟ್ಟಳು.

ಕೆಲಸ ಖಾಯಂ ಆಯಿತು, ಮದುವೆಯೂ ಆಯಿತು. ಈಗಲೂ ನಮ್ಮಿಬ್ಬರ ಜಗಳ ಜೋರಾದರೆ ಮಾವನವರು ನನ್ನನ್ನು ಗೂಡಿನ ಮುಂದೆ ನಿಲ್ಲಿಸಿ, "ಕೈಮುಗೀರಿ, ಎಷ್ಟ್ ಎಳುದ್ರೂ ಮುರೀದ ವಸ್ತು ಅದು" ಎನ್ನುತ್ತಾರೆ. ರೇಣುಕಾ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡುತ್ತಾಳೆ. ಪ್ಲಾಸ್ಟಿಕ್ ಪರೀಕ್ಷೆಯಲ್ಲೇ ತಲೆ ನರೆಸಿಕೊಂಡ ನಾನು, ಕಣ್ಣು ಮುಚ್ಚಿ, ಒಡೆದ ಬಕೆಟ್ಟಿಗೆ ಭಕ್ತಿಯಿಂದ ಕೈಮುಗಿಯುತ್ತೇನೆ.